ಸಂದರ್ಭಸಹಿತ ಸ್ವಾರಸ್ಯ

ನಾನು ಹತ್ತು ಹನ್ನೊಂದು ವರ್ಷದ ಹುಡುಗನಾಗಿದ್ದಾಗ ನಮ್ಮ ಊರಿನ ಮನೆಯ ಜಗುಲಿಯಲ್ಲಿ ಕೇಳಿದ ಒಂದು ಸಂಭಾಷಣೆ ಇಂದಿಗೂ ನನ್ನ ಕಿವಿಯಲ್ಲಿದೆ. ನಮ್ಮ ತಂದೆಯವರಿಗೆ ಒಂದಿಷ್ಟು ಹಣವನ್ನು ಕೈಸಾಲವಾಗಿ ಕೊಟ್ಟಿದ್ದ ಪಕ್ಕದ ಹಳ್ಳಿಯ ಹಿರಿಯರೊಬ್ಬರು, ಸುಗ್ಗಿ ಮುಗಿದು ಹದಿನೈದು ದಿನಗಳಾದ ಮೇಲೆ ಒಂದು ಸಂಜೆ ಬಂದು, ಕಾಲು ತೊಳೆದುಕೊಂಡು, ಕಂಬಕ್ಕೊರಗಿ ಕುಳಿತು, ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, “ಏನಪ್ಪಾ, ಈ ಸಲ ನಿಮ್ಮ ಕಡೆ ಮಳೆ ಚೆನ್ನಾಗಿ ಆಯಿತಂತೆ?” ಎಂದರು. ತಂದೆಯವರು ಸುಣ್ಣದ ಡಬ್ಬಿಯನ್ನು ಅವರ ಮುಂದೆ ಸರಿಸುತ್ತ, “ಆಯಿತು ಯಜಮಾನರೇ, ಆದರೆ ಕೊಯ್ಲಿನ ಹೊತ್ತಿಗೂ ಬಿಡದೆ ಬಂದಿತಲ್ಲ” ಎಂದರು. ಹಿರಿಯರು ಒಂದು ಕ್ಷಣ ಸುಮ್ಮನಿದ್ದು, “ಹೋಗಲಿ, ಬೇಸಿಗೆಯ ಬೆಳೆಯಾದರೂ ಕೈ ಹಿಡಿಯಲಿ” ಎಂದು ಹೇಳಿ, ಮಜ್ಜಿಗೆ ಕುಡಿದು, ದನಕರುಗಳ ಯೋಗಕ್ಷೇಮವನ್ನು ವಿಚಾರಿಸಿ ಎದ್ದುಹೋದರು. ಮಳೆಯ ವಿಷಯವನ್ನು ಕೇಳಿಕೊಂಡು ಹೋಗುವುದಕ್ಕಾಗಿ ಅಷ್ಟು ವಯಸ್ಸಾದವರು ಎರಡು ಮೈಲಿ ನಡೆದು ಬರಬೇಕಾಗಿತ್ತೆ ಎಂದು ನಾನು ಆಶ್ಚರ್ಯಪಟ್ಟಾಗ, ತಂದೆಯವರು ನಕ್ಕು, “ಅವರು ಮಳೆಯನ್ನೆಲ್ಲಿ ಕೇಳಿದರೋ?” ಎಂದರು.

ಸಾಲವೆಂಬ ಶಬ್ದವಾಗಲಿ, ಹಣವೆಂಬ ಶಬ್ದವಾಗಲಿ, ವಾಯಿದೆಯೆಂಬ ಶಬ್ದವಾಗಲಿ ಆ ಇಬ್ಬರಲ್ಲಿ ಒಬ್ಬರ ಬಾಯಿಂದಲೂ ಹೊರಟಿರಲಿಲ್ಲ. ಆದರೂ ಕೇಳಬೇಕಾದುದನ್ನು ಒಬ್ಬರು ಕೇಳಿದ್ದರು, ಇಲ್ಲವೆನ್ನಬೇಕಾದುದನ್ನು ಇನ್ನೊಬ್ಬರು ಇಲ್ಲವೆಂದಿದ್ದರು, ಬೇಸಿಗೆಯವರೆಗೆ ಗಡುವು ದೊರೆತಿತ್ತು, ಇಬ್ಬರ ಮಾನವೂ ಉಳಿದಿತ್ತು. ಅವರಲ್ಲಿ ಒಬ್ಬರಾದರೂ ಅಲಂಕಾರಶಾಸ್ತ್ರದ ಹೆಸರನ್ನು ಕೇಳಿದವರಲ್ಲ.

ನಮ್ಮ ಜನರ ನಿತ್ಯದ ಮಾತೆಲ್ಲ ಬಹುಮಟ್ಟಿಗೆ ಇಂತಹುದೇ. ಹೊರಟು ನಿಂತವನು ‘ಬರುತ್ತೇನೆ’ ಎನ್ನುವನು. ದೀಪವನ್ನು ಆರಿಸೆಂದು ಹೇಳಬೇಕಾದ ಅಜ್ಜಿ ‘ದೀಪ ದೊಡ್ಡದು ಮಾಡು’ ಎನ್ನುವಳು. ಹಾವು ಕಚ್ಚಿದ ಸುದ್ದಿಯನ್ನು ತಂದವನು ‘ಹುಳ ಮುಟ್ಟಿದೆ’ ಎಂದು ಮೆಲ್ಲನೆ ಹೇಳುವನು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತುಗಳನ್ನು ಮುಗಿಸಿ, ಹುಡುಗಿಯ ಹಾಡನ್ನೂ ಕೇಳಿ, ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಎದ್ದರೆ, ಹುಡುಗಿಯ ತಂದೆ ಮರುದಿನದಿಂದ ಅಂಚೆಯವನ ದಾರಿ ಕಾಯುವುದಿಲ್ಲ, ಬೇರೆ ಜಾತಕಗಳನ್ನು ತೆಗೆದು ನೋಡತೊಡಗುತ್ತಾನೆ. ಇಷ್ಟು ಸೂಕ್ಷ್ಮವಾದ ಕಿವಿಯುಳ್ಳ ಜನರು ಅಚ್ಚಾದ ಪುಟವೊಂದನ್ನು ಕೈಗೆತ್ತಿಕೊಂಡ ಕೂಡಲೆ ಆ ಕಿವಿಯನ್ನು ಗೂಟಕ್ಕೆ ನೇತುಹಾಕಿದವರಂತೆ ವರ್ತಿಸುವುದೇಕೆ? ಮಾತಿನಲ್ಲಿ ಇಂಗಿತಜ್ಞನಾದವನು ಓದಿನಲ್ಲಿ ಶಬ್ದಕೋಶದ ದಾಸನಾಗುವುದು, ಅಥವಾ ಅದಕ್ಕೆ ವಿರುದ್ಧವಾಗಿ, ಇಲ್ಲದ ಸಂಚುಗಳನ್ನೆಲ್ಲ ಸಾಲುಸಾಲಿನಲ್ಲಿಯೂ ಕಾಣತೊಡಗುವುದು ಯಾವ ಕಾರಣದಿಂದ? ಈ ರೋಗದ ಒಂದು ಮೂಲವಾದರೂ ನಮ್ಮ ಶಾಲೆಯ ಕನ್ನಡದ ತರಗತಿಯಲ್ಲಿಯೇ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ವಿಚಿತ್ರವೆಂದರೆ, ಅದರ ಮದ್ದೂ ಅಲ್ಲಿಯೇ, ಧೂಳು ಹಿಡಿದು, ಬಿದ್ದಿದೆ.

ಕನ್ನಡವನ್ನು ಶಾಲೆಯಲ್ಲಿ ಓದಿದ ಪ್ರತಿಯೊಬ್ಬನೂ ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಎದುರಿಸಿದವನೇ. ಪಾಠದಿಂದಲೋ ಪದ್ಯದಿಂದಲೋ ಆಯ್ದ ಒಂದು ಮಾತು. ಅದರ ಕೆಳಗೆ ‘ಆಯ್ಕೆ’, ‘ಸಂದರ್ಭ’, ‘ಸ್ವಾರಸ್ಯ’ ಎಂದು ಮೂರು ಉಪಶೀರ್ಷಿಕೆಗಳು. ಈ ಪ್ರಶ್ನೆಯನ್ನು ಮೊದಲು ರೂಪಿಸಿದ ಪುಣ್ಯಾತ್ಮರು ಯಾರೋ, ಅವರು ನಮ್ಮ ಕಾವ್ಯಮೀಮಾಂಸೆಯ ಸಾರವನ್ನು ಬಲ್ಲವರಾಗಿದ್ದಿರಬೇಕು. ಏಕೆಂದರೆ ಅವರು ಮಾತಿನ ‘ಅರ್ಥ’ವನ್ನು ಕೇಳಲಿಲ್ಲ, ‘ಸ್ವಾರಸ್ಯ’ವನ್ನು, ಎಂದರೆ ಆ ಮಾತಿಗೇ ಸ್ವಂತವಾದ ರಸವನ್ನು ಕೇಳಿದರು, ಮತ್ತು ಅದನ್ನು ಕೇಳುವುದಕ್ಕೆ ಮೊದಲು ಸಂದರ್ಭವನ್ನು ಕೇಳಿದರು. ಸಂದರ್ಭದ ಬಾಗಿಲನ್ನು ತೆರೆಯದೆ ಸ್ವಾರಸ್ಯದ ಮನೆಯೊಳಕ್ಕೆ ಹೋಗಲಾಗದೆಂಬ ತತ್ತ್ವವೇ ಆ ಪ್ರಶ್ನೆಯ ಕ್ರಮದಲ್ಲಿ ಅಡಗಿದೆ. ಇಂತಹ ಪ್ರಶ್ನೆಯನ್ನು ನಾವು ಇಂದು ಯಾವ ಗತಿಗೆ ತಂದಿದ್ದೇವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಪರೀಕ್ಷೆಯೊಂದರ ಕನ್ನಡ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರಶ್ನೆ ‘ಗೋವಿನ ಹಾಡಿ’ನಿಂದ, ಪುಣ್ಯಕೋಟಿಯು ಹುಲಿಯ ಬಳಿಗೆ ಹಿಂದಿರುಗುವ ಮುನ್ನ ತನ್ನ ಕರುವನ್ನು ಉಳಿದ ಹಸುಗಳ ಕೈಗೊಪ್ಪಿಸಿ, ಎದುರಿಗೆ ಬಂದಾಗ ಅದನ್ನು ತಿವಿಯಬಾರದೆಂದೂ ಹಿಂದೆ ಸುಳಿದಾಗ ಒದೆಯಬಾರದೆಂದೂ ಬೇಡಿಕೊಳ್ಳುವ ಭಾಗ. ಒಂದರ ಮೇಲೊಂದರಂತೆ ನಾನು ತೆರೆದ ಪತ್ರಿಕೆಗಳಲ್ಲೆಲ್ಲ ಒಂದೇ ವಾಕ್ಯ: ಈ ಮಾತಿನಲ್ಲಿ ಪುಣ್ಯಕೋಟಿಯ ಸತ್ಯನಿಷ್ಠೆಯೂ ಮಾತೃವಾತ್ಸಲ್ಯವೂ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿವೆ. ಅಲ್ಪವಿರಾಮದ ಸ್ಥಾನವೂ ಬದಲಾಗಿರಲಿಲ್ಲ. ಸ್ವಾರಸ್ಯವೇನೆಂದು ಕೇಳಿದರೆ ಸ್ವಾರಸ್ಯಪೂರ್ಣವಾಗಿದೆಯೆಂಬ ಉತ್ತರ! ಗೈಡು ಪುಸ್ತಕದಲ್ಲಿ ಹಾಗಿತ್ತು, ಮೇಷ್ಟರು ಹಾಗೆ ಬರೆಯಿಸಿದ್ದರು, ನಮಗೆ ಕೊಟ್ಟಿದ್ದ ಮಾದರಿ ಉತ್ತರದಲ್ಲಿಯೂ ಹಾಗೆಯೇ ಇದ್ದಿತು. ಇವುಗಳ ನಡುವೆ ಒಬ್ಬ ಹುಡುಗ, ಅಕ್ಷರ ವಕ್ರವಾಗಿ, ಒತ್ತು ದೀರ್ಘಗಳು ತಪ್ಪಿ, ಹೆಚ್ಚುಕಡಮೆ ಹೀಗೆ ಬರೆದಿದ್ದ: ತಾಯಿಯಿಲ್ಲದ ಕರುವನ್ನು ಬೇರೆ ಹಸುಗಳು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತವೆ, ನಮ್ಮ ಕೊಟ್ಟಿಗೆಯಲ್ಲಿ ನಾನು ನೋಡಿದ್ದೇನೆ, ಅದು ಪುಣ್ಯಕೋಟಿಗೆ ಗೊತ್ತಿತ್ತು, ಅದಕ್ಕೇ ಮೊದಲೇ ಹೇಳಿದಳು.

ನಾನು ಲೇಖನಿಯನ್ನು ಕೆಳಗಿಟ್ಟು ಆ ನಾಲ್ಕು ಸಾಲುಗಳನ್ನು ಮತ್ತೆ ಮತ್ತೆ ಓದಿದೆನು. ಬಾಲ್ಯದಿಂದ ಕೇಳುತ್ತ, ಹಾಡುತ್ತ, ಪಾಠ ಹೇಳುತ್ತ ಬಂದ ಆ ಹಾಡಿನಲ್ಲಿ ಅದುವರೆಗೆ ನನಗೆ ಕಾಣದೆ ಇದ್ದುದನ್ನು ಕೊಟ್ಟಿಗೆಯ ಹುಡುಗನೊಬ್ಬ ತೋರಿಸಿಕೊಟ್ಟಿದ್ದ. ಒದೆಯಬೇಡಿರೆಂದು ಬೇಡುವ ತಾಯಿ ಒದೆತವನ್ನು ನಿರೀಕ್ಷಿಸಿಯೇ ಬೇಡುತ್ತಾಳೆ. ಹಾಡಿನಲ್ಲಿ ಎಲ್ಲಿಯೂ ಬಾಯಿಬಿಟ್ಟು ಹೇಳದಿರುವ, ಅನಾಥ ಕರುವಿನ ಮುಂದಿನ ದಿನಗಳೆಲ್ಲ ಆ ಬೇಡಿಕೆಯ ಹಿಂದೆ ನಿಂತಿವೆ. ಆಕೆ ಹುಲಿಗೆ ಆಹಾರವಾಗಲು ಹೋಗುತ್ತಿರುವುದಷ್ಟೇ ಅಲ್ಲ, ತಾನು ಸತ್ತ ಮೇಲೆ ಏನಾಗುವುದೆಂಬುದನ್ನು ಪೂರ್ತಿಯಾಗಿ ತಿಳಿದೇ ಹೋಗುತ್ತಿದ್ದಾಳೆಂದ ಮೇಲೆ, ಸತ್ಯಕ್ಕಾಗಿ ಆಕೆ ತೆತ್ತ ಬೆಲೆ ಎಷ್ಟೆಂಬುದು ಗೈಡಿನ ವಾಕ್ಯದಿಂದ ಯಾರಿಗೂ ತಿಳಿಯದಷ್ಟು ದೊಡ್ಡದಾಗಿ ನಮ್ಮ ಮುಂದೆ ಬಂದು ನಿಲ್ಲುತ್ತದೆ. ಆದರೆ ಮಾದರಿ ಉತ್ತರದಲ್ಲಿ ಕೊಟ್ಟಿಗೆಯ ಪ್ರಸ್ತಾಪವಿರಲಿಲ್ಲ. ‘ಸತ್ಯನಿಷ್ಠೆ’ಯೆಂಬ ಪದಕ್ಕೆ ಒಂದು ಅಂಕ, ‘ಮಾತೃವಾತ್ಸಲ್ಯ’ವೆಂಬ ಪದಕ್ಕೆ ಒಂದು ಅಂಕವೆಂದು ಇದ್ದಿತು. ಮೇಲಿನವರನ್ನು ಹೋಗಿ ಕೇಳಿದಾಗ, ಮಾದರಿಯಂತೆಯೇ ನಡೆಯಬೇಕೆಂಬ ಉತ್ತರ ಬಂದಿತು. ನಾನು ವಾದಿಸಲಿಲ್ಲ, ಆ ಹುಡುಗನಿಗೆ, ಸಂದರ್ಭವನ್ನು ಬರೆದುದಕ್ಕಾಗಿ, ಮೂರರಲ್ಲಿ ಒಂದು ಅಂಕವನ್ನು ಕೊಟ್ಟು ಮುಂದಿನ ಪತ್ರಿಕೆಯನ್ನು ತೆರೆದೆನು. ಈ ಲೇಖನವನ್ನು ಬರೆಯುವುದಕ್ಕೆ ಆ ಒಂದು ಅಂಕವೂ ಒಂದು ಕಾರಣ.

ಆ ಹುಡುಗ ಮಾಡಿದ ಕೆಲಸಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರುಂಟು. ಕಾಶ್ಮೀರದ ಅರಸನಾದ ಅವಂತಿವರ್ಮನ (855–883) ಕಾಲದಲ್ಲಿದ್ದ ಆನಂದವರ್ಧನನು ‘ಧ್ವನ್ಯಾಲೋಕ’ವೆಂಬ ಗ್ರಂಥವನ್ನು ರಚಿಸಿ, ಶಬ್ದವು ನೇರವಾಗಿ ಹೇಳುವ ವಾಚ್ಯಾರ್ಥವೂ, ಅದು ಹೊಂದದೆ ಹೋದಾಗ ಅದಕ್ಕೆ ಸಂಬಂಧಿಸಿದ ಇನ್ನೊಂದನ್ನು ಹಿಡಿಯುವ ಲಕ್ಷ್ಯಾರ್ಥವೂ ಅಲ್ಲದೆ, ಇವುಗಳನ್ನು ಆಧರಿಸಿ ಸಹೃದಯನಿಗೆ ಹೊಳೆಯುವ ವ್ಯಂಗ್ಯಾರ್ಥ ಅಥವಾ ಧ್ವನಿಯೆಂಬ ಮೂರನೆಯದೊಂದು ಉಂಟೆಂದೂ, ಕಾವ್ಯದ ಜೀವ ಇರುವುದು ಅದರಲ್ಲಿಯೇ ಎಂದೂ ಸಾಧಿಸಿದನು. ಶಾಸ್ತ್ರಕಾರರು ಇದಕ್ಕೆ ಕೊಡುವ ಹಳೆಯ ಉದಾಹರಣೆ, ಗಂಗೆಯ ಮೇಲೆ ಗೊಲ್ಲರ ಹಟ್ಟಿಯಿದೆಯೆಂಬ ಮಾತು. ನೀರಿನ ಮೇಲೆ ಹಟ್ಟಿ ನಿಲ್ಲದು; ಆದುದರಿಂದ ಗಂಗೆಯೆಂದರೆ ಗಂಗೆಯ ದಡ. ಹಾಗಾದರೆ ದಡವೆಂದೇ ಹೇಳಬಹುದಾಗಿತ್ತಲ್ಲ? ಹೇಳಿದ್ದರೆ ಆ ಹಟ್ಟಿಯ ತಂಪೂ ಪಾವನತೆಯೂ ಹೊಳೆಯುತ್ತಿರಲಿಲ್ಲ. ಗಂಗೆ ದೂರವಾಯಿತೆನ್ನುವವರು ನಮ್ಮ ಮನೆ ನಿವೇಶನಗಳ ದಲ್ಲಾಳಿಯ ಮಾತನ್ನು ಕೇಳಲಿ: “ಸೈಟು ಮೈನ್ ರೋಡಿನ ಮೇಲೇ ಇದೆ ಸ್ವಾಮಿ.” ರಸ್ತೆಯ ಮೇಲೆ ಮನೆ ಕಟ್ಟಲು ಯಾರೂ ಬಿಡುವುದಿಲ್ಲವೆಂಬುದು ಅವನಿಗೂ ಗೊತ್ತು, ನಮಗೂ ಗೊತ್ತು, ರಸ್ತೆಯ ಪಕ್ಕವೆನ್ನದೆ ರಸ್ತೆಯ ಮೇಲೆಯೇ ಎಂದಾಗ ಹೊಳೆಯುವುದು ಅವನು ಇನ್ನೂ ಹೇಳದಿರುವ ಬೆಲೆ.

ಆನಂದವರ್ಧನನು ಎತ್ತಿಕೊಳ್ಳುವ ಉದಾಹರಣೆಗಳಲ್ಲಿ ನಮಗೆ ಹತ್ತಿರದ್ದೊಂದಿದೆ. ಸಾತವಾಹನ ದೊರೆಯಾದ ಹಾಲನ ಹೆಸರಿನಲ್ಲಿ ಬಂದಿರುವ ಪ್ರಾಕೃತ ಗಾಥೆಗಳ ಸಂಕಲನದಲ್ಲಿ ಅದು ಸಿಗುತ್ತದೆ. ಹೆಣ್ಣೊಬ್ಬಳು ಧಾರ್ಮಿಕನೊಬ್ಬನನ್ನು ಕರೆದು, ಇನ್ನು ಮುಂದೆ ನಿಶ್ಚಿಂತೆಯಿಂದ ತಿರುಗಾಡಬಹುದೆಂದೂ, ಅವನನ್ನು ಹೆದರಿಸುತ್ತಿದ್ದ ನಾಯಿಯನ್ನು ಗೋದಾವರಿಯ ದಡದ ಪೊದೆಯಲ್ಲಿರುವ ಸಿಂಹವು ಈ ದಿನ ಕೊಂದುಹಾಕಿತೆಂದೂ ತಿಳಿಸುತ್ತಾಳೆ. ಪದ್ಯದಲ್ಲಿರುವುದು ಇಷ್ಟೇ. ವಾಚ್ಯಾರ್ಥವನ್ನು ನೋಡಿದರೆ ಅದು ಅಪ್ಪಣೆ, ಆಶ್ವಾಸನೆ. ಪಡೆದುಕೊಂಡವನು ಮಾತ್ರ ಆ ದಿಕ್ಕಿಗೆ ಮತ್ತೆ ತಲೆಹಾಕುವಂತಿಲ್ಲ. ನಾಯಿಗೇ ಹೆದರುವವನಿಗೆ ಸಿಂಹದ ಸುದ್ದಿಯನ್ನು ಹೇಳಿ, ಹೆದರಬೇಡವೆನ್ನುವ ಆಕೆಯ ಜಾಣತನವೇನು ಸಾಮಾನ್ಯವೆ? ಆ ಪೊದೆ ಆಕೆ ತನ್ನ ನಲ್ಲನನ್ನು ಗುಟ್ಟಾಗಿ ಕಾಣುವ ತಾಣವೆಂದೂ, ಅಲ್ಲಿಗೆ ಈ ಸಾಧು ಪದೇ ಪದೇ ಬರುವುದು ಆಕೆಗೆ ಅಡ್ಡಿಯೆಂದೂ ಪದ್ಯ ಹೇಳಿಲ್ಲ, ವ್ಯಾಖ್ಯಾನಕಾರರು ಹೇಳುತ್ತಾರೆ. ಅವರಿಗೆ ಹೇಗೆ ತಿಳಿಯಿತು? ಕೊಂದ ಪ್ರಾಣಿಯ ಹೆಸರು, ಅದು ವಾಸಿಸುವ ಸ್ಥಳದ ಅಷ್ಟು ಖಚಿತವಾದ ಗುರುತು, ಕೇಳುವವನ ಅಂಜುಬುರುಕತನ, ಇಷ್ಟು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು, ನಿಜವಾಗಿ ಅವನ ಹಿತವನ್ನು ಬಯಸುವವಳು ಹೀಗೆ ಮಾತನಾಡುತ್ತಿದ್ದಳೇ ಎಂದು ಕೇಳಿಕೊಂಡುದರಿಂದ ತಿಳಿಯಿತು. ಹನ್ನೊಂದನೆಯ ಶತಮಾನದ ಮಹಿಮಭಟ್ಟನು ‘ವ್ಯಕ್ತಿವಿವೇಕ’ವನ್ನು ಬರೆದು, ಇದರಲ್ಲಿ ವ್ಯಂಗ್ಯಾರ್ಥವನ್ನು ಹೊಳೆಯಿಸುವ ವ್ಯಂಜನೆಯೆಂಬ ಬೇರೊಂದು ಶಕ್ತಿಯೇನೂ ಇಲ್ಲ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಇದೂ ಅನುಮಾನವೇ ಎಂದು ವಾದಿಸಿದನು. ಆ ವಾದವಿವಾದ ಪಂಡಿತರಿಗಿರಲಿ. ವ್ಯಂಗ್ಯಾರ್ಥಕ್ಕೆ ಪಠ್ಯದೊಳಗೇ ಆಧಾರ ಇರಬೇಕೆಂಬ ವಿಷಯದಲ್ಲಿ ಎರಡು ಪಕ್ಷದವರಿಗೂ ಭೇದವಿಲ್ಲವೆಂಬುದನ್ನು ಮಾತ್ರ ನಾವು ಗಮನಿಸಿದರೆ ಸಾಕು.

ಆ ಆಧಾರಗಳು ಯಾವುವೆಂಬುದನ್ನು ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಎಣಿಸಿದ್ದಾನೆ. ಹೇಳುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಸ್ವರದ ಏರಿಳಿತ ಹೇಗಿತ್ತು, ಮಾತಿನ ಜೋಡಣೆ ಎಂತಹುದು, ಯಾವ ಪ್ರಸ್ತಾವದಲ್ಲಿ, ಯಾವ ದೇಶದಲ್ಲಿ, ಯಾವ ಕಾಲದಲ್ಲಿ ಅದು ಬಂದಿತು ಎಂಬಿವುಗಳ ಜೊತೆಗೆ, ಆಗ ಹತ್ತಿರದಲ್ಲಿದ್ದ ಮೂರನೆಯವರು ಯಾರೆಂಬುದನ್ನೂ ಅವನು ಸೇರಿಸಿರುವುದು ನನಗೆ ಬಹಳ ಪ್ರಿಯವಾದ ಸಂಗತಿ. ಅತ್ತೆಯ ಎದುರಿಗೆ ಗಂಡನೊಡನೆ ಸೊಸೆಯಾಡುವ ಮಾತನ್ನು ಒಮ್ಮೆಯಾದರೂ ಕೇಳಿದವರಿಗೆ ಮಮ್ಮಟನ ಈ ಸೂಕ್ಷ್ಮತೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಪ್ರಶ್ನಪತ್ರಿಕೆಯ ‘ಸಂದರ್ಭ’ವೆಂಬ ಪದದಲ್ಲಿ ಅಡಗಿರುವುದು ಇಷ್ಟೆಲ್ಲ, ನಾವು ಅದನ್ನು ‘ಈ ಮಾತನ್ನು ಇಂಥವನು ಇಂಥವನಿಗೆ ಹೇಳಿದನು’ ಎಂಬ ಒಂದು ವಾಕ್ಯಕ್ಕೆ ಇಳಿಸಿದ್ದೇವೆ.

ದೇಶಕಾಲಗಳನ್ನು ಅರಿಯದಿದ್ದರೆ ಓದು ಎಷ್ಟು ಕುಂಟುವುದೆಂಬುದಕ್ಕೆ ಪಂಪನೇ ಸಾಕ್ಷಿ. ಅವನ ‘ವಿಕ್ರಮಾರ್ಜುನವಿಜಯ’ದಲ್ಲಿ ದ್ರೌಪದಿ ಐವರಿಗಲ್ಲ, ಅರ್ಜುನನೊಬ್ಬನಿಗೇ ಹೆಂಡತಿ. ಇದನ್ನು ಬರಿಯ ಕಥೆಯೆಂದು ಓದುವವನು ಪಂಪನಿಗೆ ವ್ಯಾಸಭಾರತ ಸರಿಯಾಗಿ ತಿಳಿದಿರಲಿಲ್ಲವೆಂದೇ ತಿಳಿದಾನು. ಆ ಅರ್ಜುನನ ಮೈಯಲ್ಲಿ ವೇಮುಲವಾಡದ ಚಾಲುಕ್ಯ ದೊರೆ ಅರಿಕೇಸರಿಯನ್ನು ಕವಿ ಕೂಡಿಸಿದ್ದಾನೆಂಬುದನ್ನು ಅರಿತವನಿಗೆ, ತನ್ನ ಒಡೆಯನ ರಾಣಿಯನ್ನು ಐವರಿಗೆ ಹಂಚಲು ಯಾವ ಆಸ್ಥಾನಕವಿಯೂ ಒಪ್ಪನೆಂಬುದೂ, ಒಂದೊಂದು ಹೊಗಳಿಕೆಯೂ ಎರಡು ಕಡೆಗೆ ಮುಖಮಾಡಿ ನಿಂತಿದೆಯೆಂಬುದೂ ಹೊಳೆಯುತ್ತದೆ.

ಕನ್ನಡಕ್ಕೆ ಈ ವಿಚಾರ ಹೊರಗಿನಿಂದ ತಡವಾಗಿ ಬಂದುದೆಂದು ಯಾರೂ ತಿಳಿಯಬಾರದು. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಎಂದರೆ ಸುಮಾರು ಆನಂದವರ್ಧನನ ಕಾಲದಲ್ಲಿಯೇ, ಹುಟ್ಟಿದ ‘ಕವಿರಾಜಮಾರ್ಗ’ವು ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಹೆಸರಿಸಿದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಗ್ರಂಥದಲ್ಲಿ ಕನ್ನಡ ನಾಡವರನ್ನು ಕುರಿತು ಬರುವ ಪ್ರಶಂಸೆಯಲ್ಲಿ, ಅಭ್ಯಾಸ ಮಾಡದೆಯೂ ಕಾವ್ಯವನ್ನು ರಚಿಸಬಲ್ಲ ಮತಿವಂತರೆಂಬ ಭಾಗವನ್ನು ನಾವು ರಾಜ್ಯೋತ್ಸವದ ವೇದಿಕೆಗಳಲ್ಲಿ ಸಾವಿರ ಸಲ ಕೇಳಿ ಹಿಗ್ಗಿದ್ದೇವೆ. ಆದರೆ ಅದಕ್ಕೆ ಮುಂಚೆಯೇ, ಈ ಜನರು ಹದವರಿತು ನುಡಿಯಬಲ್ಲವರು, ಇತರರು ನುಡಿದುದನ್ನು ಅರಿತು ಅದನ್ನು ತೂಗಿನೋಡಬಲ್ಲವರು ಎಂದಿರುವ ಮಾತನ್ನು ಅಷ್ಟೇ ಉತ್ಸಾಹದಿಂದ ನೆನೆಯುವವರು ವಿರಳ. ಓದದೆಯೇ ಕವಿಗಳಾಗಬಹುದೆಂಬ ಭರವಸೆ ನಮಗೆ ಹಿತವಾಯಿತು. ಕೇಳಿದುದನ್ನು ತೂಗಿನೋಡಬೇಕೆಂಬ ಹೊರೆ ಹಿತವಾಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯನ್ನು (1953) ಬರೆದು ಈ ಶಾಸ್ತ್ರವನ್ನೆಲ್ಲ ತಿಳಿಗನ್ನಡದಲ್ಲಿ ಕೈಗಿತ್ತರು, ಧಾರವಾಡದ ಕೆ. ಕೃಷ್ಣಮೂರ್ತಿಯವರು ಧ್ವನ್ಯಾಲೋಕವನ್ನೇ ಕನ್ನಡಕ್ಕೆ ತಂದರು. ಸ್ನಾತಕೋತ್ತರ ವಿದ್ಯಾರ್ಥಿ ಅದನ್ನು ಉರುಹಚ್ಚಿ, ಧ್ವನಿಯ ಪ್ರಭೇದಗಳನ್ನು ಎಣಿಸಿ ಬರೆದು, ಮರುದಿನ ಪತ್ರಿಕೆಯ ಸಂಪಾದಕೀಯದಲ್ಲಿರುವ ಕಟಕಿಯನ್ನು ಹೊಗಳಿಕೆಯೆಂದು ಓದಿಕೊಳ್ಳುವುದನ್ನು ಕಂಡು ಬೆರಗಾಗಿದ್ದೇನೆ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸುವುದು ಆವಶ್ಯಕ. ಸೂಚಿತಾರ್ಥವೆಂದರೆ ಬಚ್ಚಿಟ್ಟ ಅರ್ಥವೆಂದು ಅನೇಕರ ಭಾವನೆ. ನಮ್ಮಲ್ಲಿ ಬಚ್ಚಿಡುವ ಪರಂಪರೆಯೂ ಉಂಟು: ಅಲ್ಲಮನೇ ಮೊದಲಾದ ಶರಣರ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು. ಅವುಗಳಲ್ಲಿಯ ಸಂಕೇತಗಳು ಗುರುಮುಖದಿಂದ ತಿಳಿಯಬೇಕಾದುವು. ಅದಕ್ಕಾಗಿಯೇ ಹಿಂದಿನವರು ಬೆಡಗಿನ ವಚನಗಳಿಗೆ ಟೀಕೆಗಳನ್ನು ಬರೆದರು. ಬೀಗದ ಕೈಯಿದ್ದರೆ ಪೆಟ್ಟಿಗೆ ತೆರೆಯುವುದು, ಇಲ್ಲದಿದ್ದರೆ ಇಲ್ಲ. ಧ್ವನಿ ಹಾಗಲ್ಲ. ಅದು ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅದಕ್ಕೆ ಗುಟ್ಟಿನ ಕೋಶ ಬೇಡ, ಲೋಕದ ಅನುಭವವೂ ಕಾವ್ಯದ ಬಳಕೆಯೂ ಬೇಕು. ಆ ಹುಡುಗನಿಗೆ ಯಾವ ಬೀಗದ ಕೈಯೂ ಇರಲಿಲ್ಲ. ಕರುವನ್ನು ಹಸು ಒದೆಯುವುದನ್ನು ನೋಡಿದ ಕಣ್ಣಿತ್ತು, ಆ ಕಣ್ಣನ್ನು ಪುಸ್ತಕದ ಮುಂದೆಯೂ ಮುಚ್ಚಬಾರದೆಂಬ ಸಹಜ ಬುದ್ಧಿಯಿತ್ತು. ಸಹೃದಯನೆಂದರೆ ಯಾರೆಂಬುದನ್ನು ಹೇಳುವಾಗ ಧ್ವನ್ಯಾಲೋಕದ ವ್ಯಾಖ್ಯಾನಕಾರನಾದ ಅಭಿನವಗುಪ್ತನು, ಕಾವ್ಯವನ್ನು ಮತ್ತೆ ಮತ್ತೆ ಅನುಶೀಲಿಸಿದ ಅಭ್ಯಾಸಬಲದಿಂದ ಯಾರ ಮನಸ್ಸು ಕನ್ನಡಿಯಂತೆ ಶುಭ್ರವಾಗಿದೆಯೋ ಅವನು ಎಂಬರ್ಥದ ಮಾತನ್ನು ಹೇಳಿದ್ದಾನೆ. ಅಭ್ಯಾಸದಿಂದ ಬರುವುದಾದರೆ ಅದು ಹುಟ್ಟಿನಿಂದ ಕೆಲವರಿಗಷ್ಟೇ ಬಂದ ಐಶ್ವರ್ಯವಲ್ಲ. ಶಾಲೆಯಲ್ಲಿ ಎಲ್ಲರಿಗೂ ಮಾಡಿಸಬಹುದಾದ ಸಾಧನೆ.

ಬೀಗದ ಕೈಯ ಭ್ರಾಂತಿ ಸಾಹಿತ್ಯದ ಮೇರೆಯನ್ನು ದಾಟಿ ಸಾರ್ವಜನಿಕ ಜೀವನಕ್ಕೆ ಬಂದಾಗ ಅದು ಅಪಾಯಕಾರಿ. ಕಾದಂಬರಿಯ ಒಂದು ಪಾತ್ರ ಆಡಿದ ಮಾತನ್ನು ಕಾದಂಬರಿಕಾರನ ತಲೆಗೆ ಕಟ್ಟಿ ಅವನ ಮನೆಯ ಮುಂದೆ ಕೂಗಾಡುವವರು, ಒಂದು ಗಂಟೆಯ ಭಾಷಣದಿಂದ ಅರ್ಧ ವಾಕ್ಯವನ್ನು ಕತ್ತರಿಸಿ ಮೊಬೈಲಿನಿಂದ ಮೊಬೈಲಿಗೆ ದಾಟಿಸಿ ‘ಇದರ ಒಳಗಿರುವುದೇನೆಂದು ನಮಗೆ ಗೊತ್ತು’ ಎನ್ನುವವರು, ತಮ್ಮನ್ನು ವ್ಯಂಜನಾವ್ಯಾಪಾರದಲ್ಲಿ ನಿಪುಣರೆಂದು ಭಾವಿಸಿಕೊಳ್ಳುತ್ತಾರೆ. ಅವರು ಕೆಡಹಿರುವುದು ವ್ಯಂಗ್ಯಾರ್ಥದ ತಳಹದಿಯನ್ನೇ. ಹೇಳಿದವನನ್ನೂ ಕೇಳಿದವನನ್ನೂ ಪ್ರಸ್ತಾವವನ್ನೂ ಕಾಲದೇಶಗಳನ್ನೂ ಕತ್ತರಿಸಿ ಬಿಸುಟ ಮೇಲೆ, ಉಳಿದ ಶಬ್ದಗಳಿಂದ ಹೊರಡುವುದು ಕವಿಯ ಧ್ವನಿಯಲ್ಲ, ಓದುವವನದೇ ಪ್ರತಿಧ್ವನಿ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವರು ತಮ್ಮ ಹೆಗಲನ್ನಷ್ಟೇ ಅಲ್ಲ, ಊರವರ ಹೆಗಲುಗಳನ್ನೆಲ್ಲ ಮುಟ್ಟಿನೋಡುತ್ತಾರೆ.

ಇದಕ್ಕೆ ಎದುರಾದ ದೋಷವೂ ಕಡಮೆಯದಲ್ಲ. ಕಾಗೆಗಳಿಂದ ಮೊಸರನ್ನು ಕಾಯಿ ಎಂದು ಹೇಳಿ ಹೋದರೆ, ನಾಯಿ ಬಂದು ನೆಕ್ಕುವಾಗ ಸುಮ್ಮನಿರಬಹುದೆ ಎಂದು ನಮ್ಮ ಶಾಸ್ತ್ರಕಾರರು ಕೇಳಿದರು. ಕಾಗೆಯೆಂದರೆ ಇಲ್ಲಿ ಮೊಸರನ್ನು ಕೆಡಿಸುವುದೆಲ್ಲವೂ ಎಂಬುದು ಮೊಸರಿನ ಮೇಲೆ ಆಸೆಯಿರುವವನಿಗೆ ಸಹಜವಾಗಿ ತಿಳಿಯುತ್ತದೆ. ಕಾಗೆಯೆಂಬ ಶಬ್ದದ ಮೇಲೆ ಮಾತ್ರ ನಿಷ್ಠೆಯಿರುವವನಿಗೆ ತಿಳಿಯುವುದಿಲ್ಲ. ಬೀಡಿ ಸಿಗರೇಟು ಸೇದಬಾರದೆಂಬ ಫಲಕದ ಕೆಳಗೇ ಕುಳಿತು ಚುಟ್ಟಾ ಹಚ್ಚಿದ ಮಹಾನುಭಾವರೊಬ್ಬರನ್ನು ನಾನು ಬಸ್ಸಿನಲ್ಲಿ ಕಂಡಿದ್ದೇನೆ. ಕಂಡಕ್ಟರು ಆಕ್ಷೇಪಿಸಿದಾಗ ಅವರು ಫಲಕದ ಕಡೆಗೆ ಬೆರಳು ತೋರಿಸಿ ನಕ್ಕರು. ಬಸ್ಸಿನಲ್ಲಿ ಅದು ನಗೆಯ ಮಾತು. ಆದರೆ ವಿಧವೆಯೊಬ್ಬಳ ಅರ್ಜಿಯಲ್ಲಿ ಒಂದು ಪದ ನಮೂನೆಯಂತಿಲ್ಲವೆಂದು ಅದನ್ನು ಮೂರು ಸಲ ಹಿಂದಿರುಗಿಸುವ ಗುಮಾಸ್ತನೂ ಇದೇ ಚುಟ್ಟಾ ಪಂಥದವನೇ. ಅವನು ನಿಯಮವನ್ನು ಓದಿದ್ದಾನೆ. ನಿಯಮ ಯಾವ ಮೊಸರನ್ನು ಕಾಯಲು ಹುಟ್ಟಿತೆಂಬುದನ್ನು ಓದಿಲ್ಲ. ಕಡಮೆ ಓದುವವನು, ಹೆಚ್ಚು ಓದುವವನು, ಇವರಿಬ್ಬರಿಗೂ ತಪ್ಪಿದುದು ಒಂದೇ: ಸಂದರ್ಭ.

ನನ್ನ ಉಪಾಧ್ಯಾಯ ಮಿತ್ರರು ಇದಕ್ಕೆ ಹೇಳುವ ಸಮಾಧಾನವನ್ನು ನಾನು ಬಲ್ಲೆನು. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ತಿದ್ದಬೇಕು. ಒಬ್ಬೊಬ್ಬ ಹುಡುಗನೂ ತನಗೆ ಹೊಳೆದುದನ್ನು ಬರೆದರೆ ಯಾವ ಅಳತೆಯಿಂದ ಅಂಕ ಕೊಡುವುದು? ಒಬ್ಬ ಪರೀಕ್ಷಕ ಮೂರು ಕೊಟ್ಟು ಇನ್ನೊಬ್ಬ ಸೊನ್ನೆ ಕೊಟ್ಟರೆ ನ್ಯಾಯವೆಲ್ಲಿ? ಈ ಆಕ್ಷೇಪ ಹಗುರವಾದುದಲ್ಲ, ಮತ್ತು ಬೇಸಿಗೆಯ ಸೆಕೆಯಲ್ಲಿ ಆ ಕೊಠಡಿಗಳಲ್ಲಿ ಕುಳಿತು ತಿದ್ದಿದವನಾಗಿ ಅದರ ಭಾರ ನನಗೆ ಗೊತ್ತು. ಆದರೆ ಸ್ವಾರಸ್ಯಕ್ಕೆ ಅಳತೆಯೇ ಇಲ್ಲವೆಂಬುದನ್ನು ನಾನು ಒಪ್ಪಲಾರೆನು. ವಿದ್ಯಾರ್ಥಿ ತಾನು ಕಂಡ ಅರ್ಥಕ್ಕೆ ಪಠ್ಯದಿಂದ ಒಂದು ಆಧಾರವನ್ನು ತೋರಿಸಿದ್ದಾನೆಯೆ, ಆ ಆಧಾರ ಸಂದರ್ಭಕ್ಕೆ ಹೊಂದುತ್ತದೆಯೆ, ಅವನು ಹೇಳುವ ಅರ್ಥವನ್ನು ಪಠ್ಯದ ಬೇರೊಂದು ಭಾಗ ಅಲ್ಲಗಳೆಯುವುದಿಲ್ಲವೆ, ಈ ಮೂರನ್ನು ಕೇಳಿಕೊಳ್ಳುವುದಕ್ಕೆ ಪರೀಕ್ಷಕನಿಗೆ ಹೆಚ್ಚೆಂದರೆ ಇನ್ನೊಂದು ನಿಮಿಷ ಬೇಕಾದೀತು. ಕೊಟ್ಟಿಗೆಯ ಹುಡುಗನ ಉತ್ತರ ಈ ಮೂರರಲ್ಲಿಯೂ ಗೆಲ್ಲುತ್ತಿತ್ತು. ಗೈಡಿನ ಉತ್ತರ ಮೊದಲನೆಯದರಲ್ಲಿಯೇ ಸೋಲುತ್ತದೆ, ಏಕೆಂದರೆ ಅದರಲ್ಲಿ ಆಧಾರವೇ ಇಲ್ಲ. ಪುಣ್ಯಕೋಟಿಯ ಹೆಸರನ್ನು ತೆಗೆದು ಹರಿಶ್ಚಂದ್ರನ ಹೆಸರನ್ನು ಹಾಕಿದರೆ ಆ ವಾಕ್ಯದ ‘ಸತ್ಯನಿಷ್ಠೆ’ ಅಲ್ಲಿಗೂ ಹಾಗೆಯೇ ಸಲ್ಲುತ್ತದೆ.

ತರಗತಿಯಲ್ಲಿಯೂ ಬಹಳ ಸಂಭ್ರಮವೇನೂ ಬೇಕಾಗಿಲ್ಲ. ಪದ್ಯವನ್ನು ಒಮ್ಮೆ ಗಟ್ಟಿಯಾಗಿ, ಸ್ವರದ ಏರಿಳಿತದೊಡನೆ ಓದಿ, ‘ಇದರ ಅರ್ಥವೇನು’ ಎಂಬ ಪ್ರಶ್ನೆಯ ಬದಲು ‘ಈ ಮಾತನ್ನು ಇವಳು ಈಗಲೇ ಏಕೆ ಹೇಳಿದಳು, ಹೇಳದೆ ಬಿಟ್ಟುದೇನು’ ಎಂದು ಕೇಳಿ, ಮಕ್ಕಳು ಉತ್ತರಿಸುವವರೆಗೆ ಮೇಷ್ಟರು ಸುಮ್ಮನಿರಬೇಕು. ಕೊನೆಯದೇ ಕಷ್ಟದ ಕೆಲಸವೆಂದು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅರ್ಧ ನಿಮಿಷ ಸುಮ್ಮನಿರಲು ಬರುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿಯ ಮಾತಿನ ಇಂಗಿತವನ್ನು ಹಿಡಿಯಬಲ್ಲ ಮಗು ಪಾಠದ ಮಾತಿನದನ್ನು ಹಿಡಿಯಲಾರದೆಂದು ನಾವೇ ನಿರ್ಧರಿಸಿ, ಅದರ ಬಾಯಿಗೆ ಜಗಿದ ತುತ್ತನ್ನು ಇಡುತ್ತಿದ್ದೇವೆ.

ಆದುದರಿಂದ ಪ್ರಶ್ನಪತ್ರಿಕೆಗಳನ್ನು ರೂಪಿಸುವವರಲ್ಲಿ ನನ್ನದೊಂದು ವಿಜ್ಞಾಪನೆ. ಪಠ್ಯಪುಸ್ತಕದ ಹೊರಗಿನ ಗದ್ಯಭಾಗವೊಂದನ್ನು ಕೊಡುವ ಪದ್ಧತಿ ಈಗಲೂ ಇದೆ. ಆದರೆ ಅದರ ಕೆಳಗೆ ಕೇಳುವುದು ಸಾಮಾನ್ಯವಾಗಿ ಯಾರು, ಎಲ್ಲಿ, ಯಾವಾಗ ಎಂಬಂತಹ, ಕಣ್ಣಾಡಿಸಿ ನಕಲುಮಾಡಬಹುದಾದ ಪ್ರಶ್ನೆಗಳನ್ನು. ಸಂದರ್ಭಸ್ವಾರಸ್ಯದ ಪ್ರಶ್ನೆಯನ್ನು ತೆಗೆದುಹಾಕಬೇಡಿರಿ. ಅದನ್ನು ಆ ಗದ್ಯಭಾಗದ ಕೆಳಕ್ಕೆ ತನ್ನಿರಿ. ವಿದ್ಯಾರ್ಥಿ ಹಿಂದೆಂದೂ ನೋಡದ ಹತ್ತು ಸಾಲು, ಅದರೊಳಗಿನ ಒಂದು ಮಾತು, ಅದಕ್ಕೆ ಸಂದರ್ಭ, ಸ್ವಾರಸ್ಯ, ಬರೆಯಲು ಆರು ಸಾಲಿನ ಜಾಗ, ಮೂರು ಅಂಕ. ಆ ಒಂದು ಪ್ರಶ್ನೆಗೆ ಮಾತ್ರ ಪರೀಕ್ಷಕರ ಕೈಗೆ ಮಾದರಿ ಉತ್ತರವನ್ನು ಕೊಡಬೇಡಿರಿ.